ಜಾಲತಾಣಕ್ಕೆ ಬಂದವರೆಷ್ಟು, ಗಿರಾಕಿಗಳಾದವರೆಷ್ಟು?

ಸಂದರ್ಶಕರ ಲೆಕ್ಕ ಇಡುವ ಬಗೆ: ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಒಂದು ಕೈಪಿಡಿ

ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಅನುಭವವುಳ್ಳ ವರ್ತಕರಿಗೆ ಯಾರೂ ಹೇಳಿಕೊಡಬೇಕಿಲ್ಲದ ವಿದ್ಯೆಯೊಂದಿದೆ. ಒಳಗೆ ಬಂದವರು ಕೊಳ್ಳಲು ಬಂದವರೇ, ಬೆಲೆ ವಿಚಾರಿಸಿ ಹೋಗಲು ಬಂದವರೇ ಅಥವಾ ಮಳೆ ನಿಲ್ಲುವವರೆಗೆ ಆಶ್ರಯ ಪಡೆದವರೇ ಎಂಬುದನ್ನು ಅವರು ಒಂದೇ ನೋಟದಲ್ಲಿ ಅಳೆಯಬಲ್ಲರು. ದಿನವಿಡೀ ಅಂಗಡಿ ತುಂಬಿತ್ತೆಂಬ ಸಮಾಧಾನ ಅವರಿಗೆ ಸಾಲದು; ಸಂಜೆ ಗಲ್ಲಾದಲ್ಲಿ ಎಷ್ಟು ಉಳಿಯಿತೆಂಬುದೇ ಅವರಿಗೆ ಮುಖ್ಯ.

ಆದರೆ ಇದೇ ವರ್ತಕರು ತಮ್ಮ ಸಂಸ್ಥೆಗೊಂದು ಜಾಲತಾಣವನ್ನು ತೆರೆದಾಗ ಈ ವಿದ್ಯೆಯನ್ನು ಮರೆತುಬಿಡುವುದುಂಟು. ತಿಂಗಳ ಕೊನೆಯಲ್ಲಿ ಜಾಲತಾಣದ ನಿರ್ವಾಹಕರಿಂದ "ಈ ತಿಂಗಳು 60,000 ಹಿಟ್‌ಗಳು ಬಂದಿವೆ" ಎಂಬ ವರದಿ ಬರುತ್ತದೆ. ಸಂಖ್ಯೆ ದೊಡ್ಡದಾಗಿದೆ, ರೇಖಾಚಿತ್ರವು ಮೇಲ್ಮುಖವಾಗಿದೆ. ವಾರ್ಷಿಕ ಶುಲ್ಕದ ಚೆಕ್ಕಿಗೆ ಸಹಿ ಬೀಳುತ್ತದೆ. ಆ 60,000ದಲ್ಲಿ ಮನುಷ್ಯರೆಷ್ಟು, ಅವರಲ್ಲಿ ನಮ್ಮ ಸರಕನ್ನು ಕೊಳ್ಳಬಲ್ಲವರೆಷ್ಟು ಎಂದು ಕೇಳುವವರು ವಿರಳ.

ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಗಣಕ ವಿಜ್ಞಾನದ ಪದವಿ ಬೇಕಿಲ್ಲ. ರೋಕಡ ಪುಸ್ತಕ ಬರೆಯಬಲ್ಲವರು ಈ ಲೆಕ್ಕವನ್ನೂ ಇಡಬಲ್ಲರು.

ನಾಲ್ಕು ಪದಗಳು, ನಾಲ್ಕು ಅರ್ಥಗಳು

ಜಾಲತಾಣದ ಪುಟವೊಂದು ನಮ್ಮ ಕಣ್ಣಿಗೆ ಒಂದೇ ಆಗಿ ಕಂಡರೂ ಅದು ಹಲವು ಕಡತಗಳ ಜೋಡಣೆ. ಬರಹದ ಕಡತ ಒಂದು, ಸಂಸ್ಥೆಯ ಲಾಂಛನ ಒಂದು, ಯಂತ್ರಗಳ ಛಾಯಾಚಿತ್ರಗಳು ಹದಿನೈದು, ಪುಟದ ವಿನ್ಯಾಸಕ್ಕೆ ಬೇಕಾದವು ಏಳು ಎಂದಿಟ್ಟುಕೊಂಡರೆ ಒಟ್ಟು 24 ಕಡತಗಳಾದವು. ಒಬ್ಬರು ಈ ಪುಟವನ್ನು ಒಮ್ಮೆ ತೆರೆದರೆ ಸರ್ವರ್‌ನಿಂದ 24 ಕಡತಗಳು ಹೊರಡುತ್ತವೆ. ಅದರ ದಾಖಲೆಯಲ್ಲಿ 24 ಹಿಟ್‌ಗಳು ಬೀಳುತ್ತವೆ. ಪುಟಕ್ಕೆ ಇನ್ನೂ ಹತ್ತು ಚಿತ್ರಗಳನ್ನು ಸೇರಿಸಿದರೆ ಒಬ್ಬ ಸಂದರ್ಶಕರೂ ಹೆಚ್ಚದೆ ಹಿಟ್‌ಗಳು 34 ಆಗುತ್ತವೆ. ಹಿಟ್ ಎಂಬುದು ಸರ್ವರ್‌ನ ಮೇಲಿನ ಹೊರೆಯನ್ನು ತಿಳಿಯಲು ತಂತ್ರಜ್ಞರಿಗೆ ಬೇಕಾದ ಅಳತೆ. ವ್ಯಾಪಾರದ ಅಳತೆಯಾಗಿ ಅದಕ್ಕೆ ಬೆಲೆಯಿಲ್ಲ.

ಎರಡನೆಯದು ಪುಟವೀಕ್ಷಣೆ. ಎಷ್ಟು ಬಾರಿ ಪುಟಗಳು ತೆರೆದುಕೊಂಡವು ಎಂಬುದನ್ನು ಇದು ಹೇಳುತ್ತದೆ. ಮೂರನೆಯದು ಭೇಟಿ ಅಥವಾ ಸೆಷನ್. ಒಬ್ಬರು ಬಂದು ನಾಲ್ಕು ಪುಟ ನೋಡಿ ಹೋದರೆ ಅದು ಒಂದು ಭೇಟಿ. ಸಾಮಾನ್ಯವಾಗಿ 30 ನಿಮಿಷಗಳ ಕಾಲ ಯಾವ ಚಟುವಟಿಕೆಯೂ ಇರದಿದ್ದರೆ ಆ ಭೇಟಿ ಮುಗಿಯಿತೆಂದು ಲೆಕ್ಕ. ಊಟಕ್ಕೆ ಎದ್ದುಹೋಗಿ ಒಂದು ಗಂಟೆಯ ನಂತರ ಬಂದು ಮತ್ತೆ ನೋಡಿದರೆ ಅದು ಎರಡನೆಯ ಭೇಟಿ.

ನಾಲ್ಕನೆಯದು ಬಳಕೆದಾರರ ಸಂಖ್ಯೆ. ಇಲ್ಲಿಯೂ ಎಚ್ಚರ ಬೇಕು. ಎಣಿಕೆಯ ತಂತ್ರಾಂಶವು ನೋಡುಗರ ಬ್ರೌಸರ್‌ನಲ್ಲಿ ಕುಕಿ ಎಂಬ ಸಣ್ಣ ಗುರುತನ್ನು ಇಟ್ಟು, ಮುಂದಿನ ಬಾರಿ ಅದನ್ನು ಕಂಡಾಗ ಹಳಬರೆಂದು ತಿಳಿಯುತ್ತದೆ. ಒಬ್ಬ ಖರೀದಿ ವ್ಯವಸ್ಥಾಪಕರು ಕಚೇರಿಯ ಗಣಕದಲ್ಲಿ ಒಮ್ಮೆ, ತಮ್ಮ ಮೊಬೈಲಿನಲ್ಲಿ ಒಮ್ಮೆ ನೋಡಿದರೆ ಸಾಮಾನ್ಯವಾಗಿ ಇಬ್ಬರು ಬಳಕೆದಾರರಾಗುತ್ತಾರೆ. ಒಂದೇ ಗಣಕವನ್ನು ಮೂವರು ಬಳಸಿದರೆ ಒಬ್ಬರಾಗುತ್ತಾರೆ. ಈ ಸಂಖ್ಯೆಯನ್ನು ಜನಗಣತಿಯೆಂದು ಓದದೆ ಒಂದು ಅಂದಾಜೆಂದು ಓದುವುದು ಲೇಸು.

ಎಣಿಸುವ ಎರಡು ದಾರಿಗಳು

ಮೊದಲ ದಾರಿ ಸರ್ವರ್‌ನ ದಾಖಲೆ ಪುಸ್ತಕ. ಪ್ರತಿಯೊಂದು ಕೋರಿಕೆ ಬಂದಾಗಲೂ ಸರ್ವರ್ ಒಂದು ಸಾಲು ಬರೆದುಕೊಳ್ಳುತ್ತದೆ: ಯಾವ ಐ.ಪಿ. ವಿಳಾಸದಿಂದ ಬಂತು, ಯಾವ ಹೊತ್ತಿಗೆ, ಯಾವ ಕಡತ ಕೇಳಿದರು, ಸಿಕ್ಕಿತೋ ಇಲ್ಲವೋ, ಯಾವ ಪುಟದಿಂದ ಇಲ್ಲಿಗೆ ಬಂದರು, ಯಾವ ಬ್ರೌಸರ್. ಇದು ಕಾರ್ಖಾನೆಯ ಕಾವಲುಗಾರರು ಗೇಟಿನಲ್ಲಿ ಬರೆಯುವ ಪುಸ್ತಕದಂತೆ. ಈ ಸಾಲುಗಳನ್ನು ಒಟ್ಟುಗೂಡಿಸಿ ವರದಿ ಮಾಡುವ ಅನಲಾಗ್ ಎಂಬ ಉಚಿತ ತಂತ್ರಾಂಶ 1995ರಲ್ಲಿ ಬಂತು. 1997ರಲ್ಲಿ ವೆಬಲೈಜರ್, 2000ದಲ್ಲಿ ಎ.ಡಬ್ಲ್ಯು.ಸ್ಟ್ಯಾಟ್ಸ್ ಬಂದವು. ಈ ಕೊನೆಯದು ಇಂದಿಗೂ ಅನೇಕ ಹೋಸ್ಟಿಂಗ್ ಸಂಸ್ಥೆಗಳ ನಿಯಂತ್ರಣ ಫಲಕದಲ್ಲಿ ಬೇರೆ ಶುಲ್ಕವಿಲ್ಲದೆ ದೊರೆಯುತ್ತದೆ. ಇದರಲ್ಲಿ ನಿಜವಾಗಿ ಉಪಯುಕ್ತವಾದುದು 404 ಸಂಕೇತದ ಪಟ್ಟಿ. ಜನರು ಕೇಳಿ ಬಂದರೂ ದೊರಕದ ಪುಟಗಳು ಯಾವುವೆಂದು ಅದು ತೋರಿಸುತ್ತದೆ. ಹಳೆಯ ಕ್ಯಾಟಲಾಗಿನಲ್ಲಿ ಮುದ್ರಿಸಿದ ವಿಳಾಸ ಈಗ ಕೆಲಸ ಮಾಡುತ್ತಿಲ್ಲವೆಂಬುದು ಮೊದಲು ಗೊತ್ತಾಗುವುದು ಇಲ್ಲಿಯೇ.

ಎರಡನೆಯ ದಾರಿಯಲ್ಲಿ ಪ್ರತಿ ಪುಟದಲ್ಲಿಯೂ ಕೆಲವು ಸಾಲುಗಳ ಸಣ್ಣ ಸಂಕೇತವನ್ನು ಅಳವಡಿಸಲಾಗುತ್ತದೆ. ಪುಟ ತೆರೆದೊಡನೆ ಅದು ನೋಡುಗರ ಬ್ರೌಸರ್‌ನಲ್ಲಿ ಚಾಲನೆಗೊಂಡು ಎಣಿಕೆಯ ಸಂಸ್ಥೆಗೆ ಸುದ್ದಿ ಮುಟ್ಟಿಸುತ್ತದೆ. ಗೂಗಲ್ ಸಂಸ್ಥೆಯು 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷದ ನವೆಂಬರ್‌ನಲ್ಲಿ ಗೂಗಲ್ ಅನಲಿಟಿಕ್ಸ್ ಎಂಬ ಹೆಸರಿನಲ್ಲಿ ಈ ಸೇವೆಯನ್ನು ಉಚಿತವಾಗಿ ನೀಡಿತು. ಅಲ್ಲಿಯವರೆಗೆ ಹಣ ತೆತ್ತು ಪಡೆಯಬೇಕಿದ್ದ ಸೌಲಭ್ಯ ಅಂದಿನಿಂದ ಸಣ್ಣ ಅಂಗಡಿಗೂ ದಕ್ಕಿತು. ಅದರ ಹಳೆಯ ಆವೃತ್ತಿಯು 2023ರ ಜುಲೈ 1ರಿಂದ ಎಣಿಕೆ ನಿಲ್ಲಿಸಿದೆ. ಈಗಿರುವುದು ನಾಲ್ಕನೆಯ ಆವೃತ್ತಿ. ಮಾಹಿತಿ ತಮ್ಮ ಸರ್ವರ್‌ನಲ್ಲಿಯೇ ಇರಬೇಕೆನ್ನುವವರಿಗೆ ಮಟೊಮೊ ಎಂಬ ಮುಕ್ತ ತಂತ್ರಾಂಶವಿದೆ.

ಈ ಎರಡು ದಾರಿಗಳ ಅಂಕಿಗಳು ಎಂದಿಗೂ ತಾಳೆಯಾಗುವುದಿಲ್ಲ. ಸರ್ವರ್‌ನ ಪುಸ್ತಕದಲ್ಲಿ ಮನುಷ್ಯರೂ ಯಂತ್ರಗಳೂ ಬೆರೆತಿರುತ್ತವೆ. ಸಂಕೇತದ ಎಣಿಕೆಯಲ್ಲಿ, ಜಾಹೀರಾತು ತಡೆಯುವ ಸಾಧನ ಬಳಸುವವರು ಬಿಟ್ಟುಹೋಗುತ್ತಾರೆ. ಎರಡೂ ಸುಳ್ಳು ಹೇಳುತ್ತಿಲ್ಲ. ಬೇರೆ ಬೇರೆ ವಸ್ತುಗಳನ್ನು ಎಣಿಸುತ್ತಿವೆ. ಒಂದನ್ನು ಆರಿಸಿಕೊಂಡು ತಿಂಗಳಿನಿಂದ ತಿಂಗಳಿಗೆ ಅದನ್ನೇ ಅನುಸರಿಸುವುದು ಜಾಣತನ.

ಜೊಳ್ಳನ್ನು ತೂರುವುದು

ಬೆಳ್ಳಗಿರುವುದೆಲ್ಲ ಹಾಲಲ್ಲ. ಜಾಲತಾಣಕ್ಕೆ ಬರುವ ದಟ್ಟಣೆಯಲ್ಲಿ ಬಹುಪಾಲು ಮನುಷ್ಯರದ್ದಲ್ಲ. ಗೂಗಲ್‌ನಂತಹ ಶೋಧ ಸಂಸ್ಥೆಗಳು ಪುಟಗಳನ್ನು ಓದಿಕೊಳ್ಳಲು ಕಳುಹಿಸುವ ಬಾಟ್ ಎಂಬ ತಂತ್ರಾಂಶಗಳಿಂದ ನಮಗೆ ಉಪಕಾರವೇ ಇದೆ. ಆದರೆ ಬೆಲೆಪಟ್ಟಿಗಳನ್ನು ಕದಿಯುವವು, ಇಮೇಲ್ ವಿಳಾಸಗಳನ್ನು ಹೆಕ್ಕುವವು, ಒಳನುಗ್ಗಲು ಬಿರುಕು ಹುಡುಕುವವು, ಕೃತಕ ಬುದ್ಧಿಮತ್ತೆಯ ತರಬೇತಿಗಾಗಿ ಪಠ್ಯ ಸಂಗ್ರಹಿಸುವವು ಸಹ ಹಗಲಿರುಳು ಸುತ್ತುತ್ತಿರುತ್ತವೆ. ಜಾಲ ಸುರಕ್ಷತಾ ಸಂಸ್ಥೆಯಾದ ಇಂಪರ್ವಾ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2024ರಲ್ಲಿ ಅಂತರಜಾಲ ದಟ್ಟಣೆಯ ಶೇ. 51ರಷ್ಟು ಇಂತಹ ಸ್ವಯಂಚಾಲಿತ ತಂತ್ರಾಂಶಗಳದ್ದಾಗಿತ್ತು.

ಗೂಗಲ್ ಅನಲಿಟಿಕ್ಸ್ ತನಗೆ ಗೊತ್ತಿರುವ ಬಾಟ್‌ಗಳನ್ನು ತಾನೇ ಬಿಟ್ಟುಬಿಡುತ್ತದೆ. ವೇಷ ಮರೆಸಿದವು ಉಳಿದುಕೊಳ್ಳುತ್ತವೆ. ಅವುಗಳ ಗುರುತು ಕಷ್ಟವಲ್ಲ. ಒಂದೇ ದಿನ ಹಠಾತ್ತನೆ ನೂರಾರು ಭೇಟಿಗಳು, ನಮ್ಮೊಡನೆ ಯಾವ ವ್ಯವಹಾರವೂ ಇಲ್ಲದ ದೂರದ ಊರು, ಪುಟದಲ್ಲಿ ಕಳೆದ ಸಮಯ ಸೊನ್ನೆ: ಇವು ಮೂರೂ ಕೂಡಿದರೆ ಸಂತೋಷಪಡುವ ಕಾರಣವಿಲ್ಲ.

ಎರಡನೆಯ ಜೊಳ್ಳು ನಮ್ಮವರೇ. ಕಚೇರಿಯ ಸಿಬ್ಬಂದಿ, ಮಾಲೀಕರ ಮನೆಯವರು, ಪುಟಗಳನ್ನು ತಿದ್ದುವ ವಿನ್ಯಾಸಕರು ದಿನಕ್ಕೆ ಹಲವು ಬಾರಿ ಜಾಲತಾಣ ತೆರೆಯುತ್ತಾರೆ. ಸಣ್ಣ ಸಂಸ್ಥೆಯಲ್ಲಿ ಇದು ಗಣನೀಯ ಪಾಲಾಗಬಹುದು. ಕಚೇರಿಯ ಐ.ಪಿ. ವಿಳಾಸವು ಸ್ಥಿರವಾಗಿದ್ದರೆ ಅದನ್ನು ಆಂತರಿಕವೆಂದು ನಮೂದಿಸಿ ಎಣಿಕೆಯಿಂದ ತೆಗೆಯಿಸಬಹುದು.

ಊರಿನ ವಿವರವನ್ನೂ ಸಡಿಲವಾಗಿ ಓದಬೇಕು. ಊರನ್ನು ಐ.ಪಿ. ವಿಳಾಸದಿಂದ ಊಹಿಸಲಾಗುತ್ತದೆ. ಹುಬ್ಬಳ್ಳಿಯಲ್ಲಿ ಮೊಬೈಲ್ ಹಿಡಿದವರು ವರದಿಯಲ್ಲಿ ಬೆಂಗಳೂರಿನವರಾಗಿ ಕಾಣುವುದುಂಟು.

ಎಲ್ಲಿಂದ ಬಂದರು?

ಮನುಷ್ಯರನ್ನು ಬೇರ್ಪಡಿಸಿದ ಮೇಲೆ ಕೇಳಬೇಕಾದ ಪ್ರಶ್ನೆ ಇದು. ವರದಿಯಲ್ಲಿ ಶೋಧ, ಅನ್ಯ ಜಾಲತಾಣ, ಜಾಹೀರಾತು, ಸಾಮಾಜಿಕ ಮಾಧ್ಯಮ, ನೇರ ಎಂಬ ವಿಂಗಡಣೆ ಇರುತ್ತದೆ. ಇವುಗಳಲ್ಲಿ "ನೇರ" ಎಂಬ ಪದ ಮೋಸಗೊಳಿಸುವಂಥದ್ದು. ವಿಳಾಸವನ್ನು ನೆನಪಿನಿಂದ ಬೆರಳಚ್ಚಿಸಿ ಬಂದವರಷ್ಟೇ ಅಲ್ಲದೆ, ವಾಟ್ಸಪ್‌ನಲ್ಲಿ ಕಳುಹಿಸಿದ ಕೊಂಡಿಯಿಂದ ಬಂದವರು, ಪಿ.ಡಿ.ಎಫ್. ಕ್ಯಾಟಲಾಗಿನಿಂದ ಬಂದವರು ಸಹ ಬಹುಮಟ್ಟಿಗೆ ಇದರಲ್ಲಿಯೇ ಸೇರುತ್ತಾರೆ. "ಮೂಲ ತಿಳಿಯದು" ಎಂಬುದೇ ಇದರ ಸರಿಯಾದ ಅರ್ಥ.

ಈ ಗೊಂದಲಕ್ಕೆ ಅಗ್ಗದ ಪರಿಹಾರವಿದೆ. ನಾವು ಹಂಚುವ ಪ್ರತಿಯೊಂದು ಕೊಂಡಿಯ ಬಾಲಕ್ಕೆ ಯು.ಟಿ.ಎಂ. ಎಂಬ ಗುರುತನ್ನು ಸೇರಿಸುವುದು. ಅರ್ಚಿನ್ ಕಂಪನಿಯ ಕಾಲದಿಂದ ಬಂದ ಈ ಹೆಸರು ಇಂದಿಗೂ ಉಳಿದಿದೆ. ಬೆಂಗಳೂರಿನಲ್ಲಿ ನಡೆಯುವ ಇಮ್‌ಟೆಕ್ಸ್‌ನಂತಹ ಪ್ರದರ್ಶನದಲ್ಲಿ ಮಳಿಗೆ ಹಾಕುವವರು ಮಳಿಗೆಯ ಫಲಕಕ್ಕೆ ಒಂದು ಕ್ಯೂ.ಆರ್. ಚಿತ್ರ, ಹಂಚುವ ಕ್ಯಾಟಲಾಗಿಗೆ ಇನ್ನೊಂದು, ವಿಸಿಟಿಂಗ್ ಕಾರ್ಡಿಗೆ ಮತ್ತೊಂದು ಮುದ್ರಿಸಿದರೆ ಸಾಕು. ಪ್ರದರ್ಶನ ಮುಗಿದ ಎರಡು ತಿಂಗಳ ನಂತರವೂ ಯಾವುದನ್ನು ನೋಡಿ ಜನ ಬರುತ್ತಿದ್ದಾರೆಂದು ತಿಳಿಯುತ್ತದೆ. ಮುಂದಿನ ಬಾರಿ ಯಾವುದನ್ನು ಹೆಚ್ಚು ಮುದ್ರಿಸಬೇಕೆಂಬುದಕ್ಕೆ ಇದೇ ಆಧಾರ.

ಶೋಧದಿಂದ ಬಂದವರು ಯಾವ ಪದ ಹುಡುಕಿದರೆಂಬುದು ಹಿಂದೆ ಅನಲಿಟಿಕ್ಸ್‌ನಲ್ಲಿಯೇ ಕಾಣುತ್ತಿತ್ತು. ಗೂಗಲ್ 2011ರಿಂದ ಹಂತಹಂತವಾಗಿ ಅದನ್ನು ಮರೆಮಾಡಿತು. ಈಗ ಅದಕ್ಕಾಗಿ ಸರ್ಚ್ ಕನ್ಸೋಲ್ ಎಂಬ ಇನ್ನೊಂದು ಉಚಿತ ಸೇವೆಯನ್ನು ನೋಡಬೇಕು. ಯಾವ ಪದಕ್ಕೆ ನಮ್ಮ ಪುಟ ಎಷ್ಟು ಬಾರಿ ಕಾಣಿಸಿತು, ಎಷ್ಟು ಮಂದಿ ಒತ್ತಿದರು, ಸರಾಸರಿ ಎಷ್ಟನೆಯ ಸ್ಥಾನ ಎಂಬ ವಿವರಗಳು ಅಲ್ಲಿ 16 ತಿಂಗಳವರೆಗೆ ದೊರೆಯುತ್ತವೆ.

ಈ ಪಟ್ಟಿಯನ್ನು ಒಮ್ಮೆ ಎರಡು ಭಾಗ ಮಾಡಿ ನೋಡಿರಿ. ನಮ್ಮ ಸಂಸ್ಥೆಯ ಹೆಸರನ್ನೇ ಹುಡುಕಿ ಬಂದವರು ಒಂದು ಕಡೆ. ಸರಕಿನ ಅಥವಾ ಕೆಲಸದ ಹೆಸರನ್ನು ಹುಡುಕಿ ಬಂದವರು ಇನ್ನೊಂದು ಕಡೆ. ಮೊದಲನೆಯವರು ನಮ್ಮನ್ನು ಮೊದಲೇ ಬಲ್ಲವರು. ಅವರು ದೂರವಾಣಿ ಸಂಖ್ಯೆಗಾಗಿ ಬಂದಿರಬಹುದು. ಜಾಲತಾಣವು ಹೊಸದಾಗಿ ತಂದುಕೊಟ್ಟವರು ಎರಡನೆಯವರು ಮಾತ್ರ. ಬರುವವರೆಲ್ಲ ಮೊದಲ ಗುಂಪಿನವರೇ ಆಗಿದ್ದರೆ, ಜಾಲತಾಣವು ಗೋಡೆಯ ಮೇಲಿನ ನಾಮಫಲಕವಾಗಿದೆಯೇ ಹೊರತು ಮಾರಾಟ ಪ್ರತಿನಿಧಿಯಾಗಿಲ್ಲ ಎಂದರ್ಥ.

ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. 2024ರ ಆಗಸ್ಟ್‌ನಿಂದ ಭಾರತದಲ್ಲಿಯೂ ಗೂಗಲ್ ಹಲವು ಪ್ರಶ್ನೆಗಳಿಗೆ ಶೋಧ ಪುಟದ ಮೇಲ್ಭಾಗದಲ್ಲಿಯೇ ಕೃತಕ ಬುದ್ಧಿಮತ್ತೆಯಿಂದ ಉತ್ತರ ನೀಡುತ್ತಿದೆ. ಅಲ್ಲಿಯೇ ಉತ್ತರ ಸಿಕ್ಕಿದವರು ನಮ್ಮ ಪುಟಕ್ಕೆ ಬಾರದೆ ಇರಬಹುದು. ಭೇಟಿಗಳು ಇಳಿದವೆಂದು ಗಾಬರಿಯಾಗುವ ಮೊದಲು ವಿಚಾರಣೆಗಳೂ ಇಳಿದಿವೆಯೇ ಎಂದು ನೋಡುವುದು ಒಳಿತು.

ಬಂದವರು ಏನು ಮಾಡಿದರು?

ಸಣ್ಣ ಉದ್ಯಮಿಗೆ ಜಾಲತಾಣದಿಂದ ಬೇಕಾದುದು ನಾಲ್ಕೇ: ದೂರವಾಣಿ ಕರೆ, ವಾಟ್ಸಪ್ ಸಂದೇಶ, ವಿಚಾರಣೆಯ ನಮೂನೆ, ಕ್ಯಾಟಲಾಗಿನ ಇಳಿಕೆ. ಇವುಗಳನ್ನು ಅನಲಿಟಿಕ್ಸ್‌ನಲ್ಲಿ ಮುಖ್ಯ ಘಟನೆಗಳೆಂದು ಗುರುತಿಸಿ ಪ್ರತ್ಯೇಕವಾಗಿ ಎಣಿಸಬಹುದು. ಪಿ.ಡಿ.ಎಫ್. ಇಳಿಸಿಕೊಂಡುದನ್ನೂ ಹೊರಗಿನ ಕೊಂಡಿ ಒತ್ತಿದುದನ್ನೂ ನಾಲ್ಕನೆಯ ಆವೃತ್ತಿಯು ತಾನಾಗಿಯೇ ದಾಖಲಿಸಬಲ್ಲದು. ಆದರೆ ದೂರವಾಣಿ ಸಂಖ್ಯೆ ಒತ್ತಿದುದನ್ನು ಎಣಿಸಲು ನಿರ್ವಾಹಕರು ಬೇರೆ ವ್ಯವಸ್ಥೆ ಮಾಡಬೇಕಾಗುತ್ತದೆ. ನಮ್ಮಲ್ಲಿ ಹೆಚ್ಚಿನ ವಿಚಾರಣೆಗಳು ಕರೆಯ ಮೂಲಕವೇ ಬರುವುದರಿಂದ ಇದನ್ನು ಕೇಳಿ ಮಾಡಿಸಿಕೊಳ್ಳಿರಿ. ಅನಂತರ ತಾವೇ ಮೊಬೈಲಿನಿಂದ ಒಮ್ಮೆ ಒತ್ತಿ, ವರದಿಯಲ್ಲಿ ಬಿತ್ತೇ ಎಂದು ಪರೀಕ್ಷಿಸಿರಿ.

ಬೌನ್ಸ್ ರೇಟ್ ಎಂಬ ಅಂಕಿಯ ಬಗ್ಗೆ ಒಂದು ಮಾತು. ಹಳೆಯ ಆವೃತ್ತಿಯಲ್ಲಿ ಒಂದೇ ಪುಟ ನೋಡಿ ಹೊರಟವರೆಲ್ಲ ಸಾಮಾನ್ಯವಾಗಿ ಬೌನ್ಸ್ ಆದವರು. ಮೊದಲ ಪುಟದಲ್ಲಿಯೇ ದೂರವಾಣಿ ಸಂಖ್ಯೆ ಸಿಕ್ಕಿ, ಕರೆ ಮಾಡಿ, ಆರ್ಡರ್ ಕೊಟ್ಟವರೂ ಅದರಲ್ಲಿ ಸೇರಿರಬಹುದಿತ್ತು. ಹೊಸ ಆವೃತ್ತಿಯಲ್ಲಿ 10 ಸೆಕೆಂಡಿಗಿಂತ ಹೆಚ್ಚು ಕಾಲ ಇದ್ದರೆ, ಎರಡು ಪುಟ ನೋಡಿದರೆ ಅಥವಾ ಒಂದು ಮುಖ್ಯ ಘಟನೆ ನಡೆದರೆ ಅದು ಆಸಕ್ತಿಯ ಭೇಟಿ, ಉಳಿದದ್ದು ಬೌನ್ಸ್. ವ್ಯಾಖ್ಯೆಯೇ ಬದಲಾಗಿರುವುದರಿಂದ 2022ರ ಅಂಕಿಯನ್ನು ಇಂದಿನದರ ಪಕ್ಕದಲ್ಲಿಟ್ಟು "ಬೌನ್ಸ್ ರೇಟ್ ಇಳಿಸಿದ್ದೇವೆ" ಎಂದು ಯಾರಾದರೂ ತೋರಿಸಿದರೆ ಒಪ್ಪಬೇಕಾಗಿಲ್ಲ.

ಎಲ್ಲ ತಂತ್ರಾಂಶಗಳಿಗಿಂತ ಹಳೆಯದಾದ ಅಳತೆಗೋಲೊಂದಿದೆ. ಹೊಸ ಕರೆ ಬಂದಾಗ "ನಮ್ಮ ವಿಷಯ ತಮಗೆ ಎಲ್ಲಿ ತಿಳಿಯಿತು?" ಎಂದು ಕೇಳಿ ಬರೆದಿಟ್ಟುಕೊಳ್ಳುವುದು. ಕರೆ ಸ್ವೀಕರಿಸುವ ಸಿಬ್ಬಂದಿಗೆ ಇದೊಂದು ಅಭ್ಯಾಸವಾದರೆ ಯಂತ್ರದ ಎಣಿಕೆಯಲ್ಲಿನ ಅರ್ಧ ಸಂಶಯಗಳು ತೀರುತ್ತವೆ.

ಒಂದು ಮಾದರಿ ಲೆಕ್ಕ

ಪೀಣ್ಯದಲ್ಲಿ ಸಿ.ಎನ್.ಸಿ. ಯಂತ್ರಗಳಿಂದ ಬಿಡಿಭಾಗಗಳನ್ನು ತಯಾರಿಸಿಕೊಡುವ ಒಂದು ಜಾಬ್ ವರ್ಕ್ ಘಟಕವನ್ನು ಊಹಿಸಿಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕದ ವಿಧಾನವನ್ನು ತೋರಿಸಲು ಮಾತ್ರ.

ತಿಂಗಳ ಹಿಟ್‌ಗಳು 60,000. ಇದರಲ್ಲಿ ಬಾಟ್‌ಗಳದ್ದು 12,000 ಕಳೆದರೆ 48,000. ಪುಟಕ್ಕೆ 24 ಕಡತಗಳಂತೆ ಭಾಗಿಸಿದರೆ 2,000 ಪುಟವೀಕ್ಷಣೆಗಳು. ಒಂದು ಭೇಟಿಗೆ ಸರಾಸರಿ ಎರಡೂವರೆ ಪುಟಗಳೆಂದರೆ 800 ಭೇಟಿಗಳು. ನಮ್ಮವರದ್ದೇ 150 ಕಳೆದರೆ 650. ನಾವು ಸರಬರಾಜು ಮಾಡಲಾಗದ ಪ್ರದೇಶದವರು, ಕೆಲಸ ಕೇಳಿ ಬಂದವರು, ನಮಗೇ ಸರಕು ಮಾರಲು ಬಂದವರು 250 ಕಳೆದರೆ ಉಳಿದದ್ದು 400. ಈ 400 ಭೇಟಿಗಳಿಂದ ಬಂದ ವಿಚಾರಣೆಗಳು 12, ಅಂದರೆ ಶೇ. 3. ಕೊಟೇಷನ್ ಕಳುಹಿಸಿದ್ದು 8ಕ್ಕೆ. ಕೈಗೂಡಿದ ಆರ್ಡರ್‌ಗಳು 2.

ಜಾಲತಾಣಕ್ಕೂ ಜಾಹೀರಾತಿಗೂ ತಿಂಗಳಿಗೆ ತಗಲುವ ವೆಚ್ಚ 15,000 ರೂ. ಎಂದಾದರೆ ಒಂದು ವಿಚಾರಣೆಗೆ 1,250 ರೂ., ಒಂದು ಆರ್ಡರಿಗೆ 7,500 ರೂ. ಬಿತ್ತು. ಆರ್ಡರಿನಲ್ಲಿ ಕಚ್ಚಾಮಾಲು, ಕೂಲಿ, ವಿದ್ಯುತ್ ಕಳೆದು 20,000 ರೂ. ಉಳಿಯುವುದಾದರೆ ಈ ಖರ್ಚು ಸಾರ್ಥಕ, 5,000 ರೂ. ಮಾತ್ರ ಉಳಿಯುವುದಾದರೆ, ಅದೇ ಗಿರಾಕಿಯಿಂದ ಮರು ಆರ್ಡರ್ ಬಾರದ ಹೊರತು ನಷ್ಟ. ಪ್ರದರ್ಶನದ ಮಳಿಗೆ, ವಾಣಿಜ್ಯ ಡೈರೆಕ್ಟರಿಯ ಚಂದಾ, ಪತ್ರಿಕಾ ಜಾಹೀರಾತು, ಇವೆಲ್ಲವನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದು.

ಈ ಲೆಕ್ಕದ ನಿಜವಾದ ಪ್ರಯೋಜನ, ಸೋರಿಕೆ ಎಲ್ಲಿದೆಯೆಂದು ತೋರಿಸುವುದು. 400 ಮಂದಿ ಬಂದು 12 ಮಂದಿಯಷ್ಟೇ ವಿಚಾರಿಸಿದರೆ ಪುಟದಲ್ಲಿ ಏನೋ ಕೊರತೆಯಿದೆ: ಯಂತ್ರಗಳ ಸಾಮರ್ಥ್ಯ, ಟಾಲರೆನ್ಸ್, ಕನಿಷ್ಠ ಪ್ರಮಾಣ, ಐ.ಎಸ್.ಓ. ಪ್ರಮಾಣಪತ್ರ ಯಾವುದೂ ಕಾಣದಿರಬಹುದು. 12 ವಿಚಾರಣೆಗಳಲ್ಲಿ 8ಕ್ಕೆ ಮಾತ್ರ ಕೊಟೇಷನ್ ಹೋದರೆ ಉಳಿದ 4 ಏನಾದವು? ಯಾರೂ ತೆರೆಯದ ಇಮೇಲ್ ಪೆಟ್ಟಿಗೆಯಲ್ಲಿ ಅವು ಕೊಳೆಯುತ್ತಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದಾಯಿತು. ಅದಕ್ಕೆ ಮತ್ತಷ್ಟು ಜಾಹೀರಾತು ಮದ್ದಲ್ಲ.

ಸಣ್ಣ ಸಂಖ್ಯೆಗಳ ಸ್ವಭಾವವನ್ನೂ ನೆನಪಿಡಬೇಕು. 12 ವಿಚಾರಣೆ ಬರುವ ಕಡೆ ಒಂದು ತಿಂಗಳು 9, ಇನ್ನೊಂದು ತಿಂಗಳು 15 ಬರುವುದು ಸಹಜ. ಹಬ್ಬದ ರಜೆಗಳು, ಮಾರ್ಚ್ ಕೊನೆಯ ಲೆಕ್ಕಪತ್ರದ ಗಡಿಬಿಡಿಯೂ ಪರಿಣಾಮ ಬೀರುತ್ತವೆ. ಮೂರು ತಿಂಗಳ ಮೊತ್ತವನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿದರೆ ಮಾತ್ರ ನಿಜವಾದ ಏರಿಳಿತ ಕಾಣುತ್ತದೆ.

ಕೀಲಿಕೈ ಯಾರ ಬಳಿ?

ಬಹಳಷ್ಟು ಸಂಸ್ಥೆಗಳಲ್ಲಿ ಡೊಮೇನ್ ಹೆಸರು, ಅನಲಿಟಿಕ್ಸ್ ಖಾತೆ, ಸರ್ಚ್ ಕನ್ಸೋಲ್ ಮೂರೂ ಜಾಲತಾಣ ಮಾಡಿಕೊಟ್ಟವರ ಹೆಸರಿನಲ್ಲಿರುತ್ತವೆ. ಸಂಬಂಧ ಕೆಟ್ಟ ದಿನ ವರ್ಷಗಳ ಲೆಕ್ಕ ಕೈತಪ್ಪುತ್ತದೆ. ಖಾತೆಗಳು ಸಂಸ್ಥೆಯ ಇಮೇಲಿನಲ್ಲಿ ಇರಲಿ. ನಿರ್ವಾಹಕರಿಗೆ ಬಳಕೆಯ ಅನುಮತಿ ಮಾತ್ರ ಇರಲಿ. ಅನಲಿಟಿಕ್ಸ್‌ನ ಬಿಡಿ ವಿವರಗಳನ್ನು ಉಳಿಸಿಕೊಳ್ಳುವ ಅವಧಿಯು ಆರಂಭದಲ್ಲಿ 2 ತಿಂಗಳಿಗೆ ನಿಗದಿಯಾಗಿರುತ್ತದೆ. ಅದನ್ನು 14 ತಿಂಗಳಿಗೆ ಬದಲಾಯಿಸಿಕೊಳ್ಳಬಹುದು. ಹಳೆಯ ಆವೃತ್ತಿಯ ವರದಿಗಳನ್ನು ನೋಡುವ ಅವಕಾಶವನ್ನು ಗೂಗಲ್ 2024ರ ಜುಲೈನಲ್ಲಿ ಮುಚ್ಚಿದಾಗ, ಪ್ರತಿ ತೆಗೆದಿಟ್ಟುಕೊಂಡವರ ಬಳಿ ಮಾತ್ರ ಹಿಂದಿನ ಲೆಕ್ಕ ಉಳಿಯಿತು. ಉಚಿತ ಸೇವೆಯನ್ನು ಬಳಸೋಣ, ಆದರೆ ಲೆಕ್ಕದ ಪುಸ್ತಕ ನಮ್ಮದೇ ಆಗಿರಲಿ.

ಕಾನೂನನ್ನೂ ಅಲಕ್ಷಿಸುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಅವುಗಳನ್ನು ಹಂತಹಂತವಾಗಿ ಜಾರಿಗೊಳಿಸುವ ಕ್ರಮವನ್ನು ಗೊತ್ತುಪಡಿಸಲಾಗಿದೆ. ವಿಚಾರಣೆಯ ನಮೂನೆಯಲ್ಲಿ ಪಡೆಯುವ ಹೆಸರು, ದೂರವಾಣಿ, ಇಮೇಲ್ ಇವೆಲ್ಲ ವೈಯಕ್ತಿಕ ದತ್ತಾಂಶಗಳು. ಏಕೆ ಪಡೆಯುತ್ತಿದ್ದೇವೆಂದು ಸ್ಪಷ್ಟವಾಗಿ ತಿಳಿಸಿ, ಅಗತ್ಯವಿದ್ದಷ್ಟನ್ನೇ ಕೇಳಿ, ಭದ್ರವಾಗಿಡಬೇಕು.

ತಿಂಗಳಿಗೊಂದು ಪುಟ

ಕೊನೆಯದಾಗಿ, ಉದ್ಯಮಿಗಳು ಒಂದು ಸಾಧಾರಣ ನೋಟ್‌ಬುಕ್ಕಿನಲ್ಲಿ ತಿಂಗಳಿಗೊಂದು ಪುಟ ಮೀಸಲಿಡುವುದು ಒಳ್ಳೆಯದು. ಅದರಲ್ಲಿ ಆರು ಸಾಲುಗಳು ಸಾಕು: ಜೊಳ್ಳು ಕಳೆದ ಭೇಟಿಗಳು, ಸರಕಿನ ಹೆಸರಿನಿಂದ ಹುಡುಕಿ ಬಂದವರು, ವಿಚಾರಣೆಗಳು, ಕಳುಹಿಸಿದ ಕೊಟೇಷನ್‌ಗಳು, ಕೈಗೂಡಿದ ಆರ್ಡರ್‌ಗಳು, ಆದ ಖರ್ಚು. ಮೊದಲ ಎರಡನ್ನು ನಿರ್ವಾಹಕರಿಂದ ಪಡೆಯಿರಿ. ಉಳಿದವನ್ನು ನಿಮ್ಮ ಕಚೇರಿಯಲ್ಲಿಯೇ ಬರೆಯಿರಿ. ಮುಂದಿನ ಬಾರಿ ಹಿಟ್‌ಗಳ ವರದಿ ಬಂದಾಗ ಈ ಪುಟವನ್ನು ಅದರ ಪಕ್ಕದಲ್ಲಿಟ್ಟು, ಮೂರನೆಯ ಸಾಲಿನ ಬಗ್ಗೆ ಅವರನ್ನು ವಿಚಾರಿಸಿರಿ. ವಾರ್ಷಿಕ ಶುಲ್ಕದ ಚೆಕ್ಕಿಗೆ ಆಮೇಲೆ ಸಹಿ ಮಾಡಿದರಾಯಿತು.